ಕೋಡ್ ಬಂತು ಅಂತ ಸೆನ್ಸರ್ ಬಿಚ್ಚಬೇಡಿ: ಹಳೆ ಟ್ರಕ್ಕಿನ ಟೈಮಿಂಗ್ ತೊಂದರೆ ಹುಡುಕುವ ಬಗೆ

ಅಪ್ಪನಿಂದ ನನ್ನ ಕೈಗೆ ಬಂದ ಪಿಕಪ್ ಟ್ರಕ್ 1997ರದು. ಪೆಟ್ರೋಲ್ ವಿ8 ಎಂಜಿನ್. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇನ್ನೂ ಇದ್ದ ಕಾಲದ್ದು. ಅದರಲ್ಲಿ ಮೊದಲ ಸಲ ಪಿ0341 ಕೋಡ್ (ಎಂಜಿನ್ ಕಂಪ್ಯೂಟರ್ ಕೊಡುವ ದೋಷದ ಸಂಖ್ಯೆ) ಬಂದಾಗ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರ್ ಬದಲಿಸಿದೆ. ಎಂಟು ದಿನಕ್ಕೆ ಅದೇ ಕೋಡ್ ಮತ್ತೆ ಬಂತು. ಹೊಸ ಸೆನ್ಸರೇ ಕೆಟ್ಟದ್ದು ಸಿಕ್ಕಿರಬೇಕು ಅಂದುಕೊಂಡು ಇನ್ನೊಂದು ಹಾಕಿದೆ. ಮತ್ತೂ ಬಂತು. ತೊಂದರೆ ಇದ್ದದ್ದು ಟೈಮಿಂಗ್ ಚೈನಿನಲ್ಲಿ, ಅಂದರೆ ಕ್ರ್ಯಾಂಕಿನಿಂದ (ಪಿಸ್ಟನ್‌ಗಳು ತಿರುಗಿಸುವ ದಂಡ) ಕ್ಯಾಮನ್ನು ತಿರುಗಿಸುವ ಚೈನಿನಲ್ಲಿ. ಚೈನ್ ಸಡಿಲವಾಗಿ ಕ್ಯಾಮ್ ತಡವಾಗಿ ತಿರುಗುತ್ತಿತ್ತು. ಸೆನ್ಸರ್ ಪಾಪ, ತಾನು ಕಂಡದ್ದನ್ನೇ ಹೇಳುತ್ತಿತ್ತು.

ಆಮೇಲೆ ಅದೇ ಟ್ರಕ್ಕಿನಲ್ಲಿ ಉಲ್ಟಾ ಅನುಭವವೂ ಆಯಿತು. ಎಂಜಿನ್ ಎಳೆಯುತ್ತಿರಲಿಲ್ಲ, ಮಿಸ್ ಹೊಡೆಯುತ್ತಿತ್ತು. ಎಲ್ಲ ಲಕ್ಷಣವೂ ಟೈಮಿಂಗ್ (ವಾಲ್ವ್, ಕಿಡಿ ಕೆಲಸ ಮಾಡಬೇಕಾದ ಹೊತ್ತು) ಹೋದ ಹಾಗೆ. ಈ ಸಲ ಚೈನ್ ಸರಿಯಾಗೇ ಇತ್ತು, ಉಜ್ಜಿ ಹೋಗಿದ್ದ ಒಂದು ವೈರ್ ಇಷ್ಟೆಲ್ಲ ಮಾಡಿತ್ತು. ಈ ಎರಡನ್ನು ಬೇರೆ ಬೇರೆ ಮಾಡಿ ನೋಡುವುದು ಹೇಗೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿರುವುದು ಪೆಟ್ರೋಲ್ ಎಂಜಿನ್ ವಿಷಯ. ಕಂಪ್ಯೂಟರ್ ಇರುವ ಡೀಸೆಲ್ ಎಂಜಿನ್‌ಗಳಲ್ಲೂ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್ ಮಾಡುವ ಕೆಲಸ ಅದೇ. ಅಲ್ಲಿ ಕಿಡಿಯ ಬದಲು ಇಂಜೆಕ್ಟರ್ ತೆರೆಯುವ ಹೊತ್ತನ್ನು ನೋಡಬೇಕು, ಅಷ್ಟೇ.

ಕೋಡ್ ಓದುವುದು

ಪಿ0340 ಮತ್ತು ಪಿ0341. ಎರಡೂ ಕ್ಯಾಮ್ ಸೆನ್ಸರಿನ ಕೋಡ್‌ಗಳೇ. ಕೊನೆಯ ಅಂಕಿ ಮಾತ್ರ ಬೇರೆ. ಆದರೆ ಆ ಒಂದು ಅಂಕಿ ನಿಮ್ಮ ಅರ್ಧ ಕೆಲಸ ಉಳಿಸುತ್ತದೆ. ಪಿ0340 ಅಂದರೆ ಸರ್ಕ್ಯೂಟಿನಲ್ಲಿ ತೊಂದರೆ: ಸಿಗ್ನಲ್ ಬರುತ್ತಲೇ ಇಲ್ಲ, ಅಥವಾ ಸಿಗ್ನಲ್ ಅನ್ನುವ ಹಾಗೇ ಇಲ್ಲ. ಪಿ0341 ಅಂದರೆ ಸಿಗ್ನಲ್ ಬರುತ್ತಿದೆ, ಆದರೆ ಇರಬೇಕಾದ ಹಾಗಿಲ್ಲ. ಕ್ರ್ಯಾಂಕ್ ಸೆನ್ಸರಿಗೂ ಹೀಗೇ ಒಂದು ಜೋಡಿ ಇದೆ, ಪಿ0335 ಮತ್ತು ಪಿ0336. ಮೊದಲ ಬಗೆಯ ಕೋಡ್ ಬಂದರೆ ನಾನು ಕಪ್ಲರ್ (ಸೆನ್ಸರಿಗೆ ವೈರ್ ಸಿಕ್ಕಿಸುವ ಜೋಡಣೆ), ವೈರ್, ಸೆನ್ಸರ್ ಕಡೆ ಹೋಗುತ್ತೇನೆ. ಎರಡನೆಯ ಬಗೆಯದು ಬಂದರೆ ಚೈನ್, ಗೇರ್, ಸೆನ್ಸರ್ ಎದುರಿನ ಹಲ್ಲಿನ ಚಕ್ರ, ಇವುಗಳ ಮೇಲೂ ಅನುಮಾನ ಪಡುತ್ತೇನೆ. ನನಗೆ ಬಂದದ್ದು 0341. ಅದನ್ನು 0340 ಅನ್ನುವ ಹಾಗೇ ಓದಿ ಎರಡು ಸೆನ್ಸರ್ ಹಾಳುಮಾಡಿಕೊಂಡೆ.

ಸ್ವಲ್ಪ ಹೊಸ ಟ್ರಕ್‌ಗಳಲ್ಲಿ ಪಿ0016 ಬರುತ್ತದೆ. ಕ್ರ್ಯಾಂಕ್ ಮತ್ತು ಕ್ಯಾಮ್ ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಅದರ ಅರ್ಥ. ವಿ ಆಕಾರದ ಎಂಜಿನ್‌ನಲ್ಲಿ ಎರಡನೇ ಬ್ಯಾಂಕಿನ (ಸಿಲಿಂಡರ್ ಸಾಲಿನ) ಕ್ಯಾಮಿಗೆ ಇದೇ ದೂರು ಪಿ0018 ಅಂತ ಬರುತ್ತದೆ. 0016 ಮತ್ತು 0018 ಎರಡೂ ಒಟ್ಟಿಗೆ ಬಂದರೆ ಎರಡು ಬ್ಯಾಂಕಿಗೂ ಸೇರಿದ ಏನೋ ಸರಿದಿದೆ ಅಂತ ತಿಳಿಯಿರಿ. ಕ್ರ್ಯಾಂಕ್ ಕಡೆಯ ಗೇರ್, ಮುಖ್ಯ ಚೈನ್ ಅಥವಾ ಬೆಲ್ಟ್, ಇಲ್ಲವೇ ಕ್ರ್ಯಾಂಕ್ ಸೆನ್ಸರ್ ನೋಡುವ ಹಲ್ಲಿನ ಚಕ್ರ.

ಪಿ ನಂತರದ ಅಂಕಿ 0 ಆದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಆದರೆ ಆ ಕಂಪನಿ ತಾನೇ ಇಟ್ಟುಕೊಂಡ ಕೋಡ್. ಅಂಥದ್ದಕ್ಕೆ ನಿಮ್ಮ ಟ್ರಕ್ಕಿನ ಸರ್ವಿಸ್ ಮ್ಯಾನ್ಯುಯಲ್ ನೋಡದೆ ಅರ್ಥ ಹಚ್ಚಬೇಡಿ.

ಅಳಿಸುವ ಮೊದಲು ಬರೆದಿಡಿ

ಸ್ಕ್ಯಾನರ್ ಹಾಕಿದ ತಕ್ಷಣ ಕೋಡ್ ಅಳಿಸಿ, ಮತ್ತೆ ಬರುತ್ತಾ ನೋಡೋಣ ಅನ್ನುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದಿಷ್ಟು ಮಾಹಿತಿ ಇರುತ್ತದೆ. ಕೋಡ್ ಬಿದ್ದ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಎಷ್ಟು ಬಿಸಿಯಾಗಿತ್ತು, ಗಾಡಿಯ ವೇಗ ಎಷ್ಟಿತ್ತು, ಎಷ್ಟು ಲೋಡ್ ಇತ್ತು, ಎಲ್ಲವೂ ಅದರಲ್ಲಿ ಸಿಗುತ್ತದೆ. ಕೋಡ್ ಅಳಿಸಿದರೆ ಅದೂ ಹೋಯಿತು. ಕಂಪ್ಯೂಟರ್ ತಾನೇ ಮಾಡಿಕೊಂಡಿದ್ದ ಪರೀಕ್ಷೆಗಳ ಲೆಕ್ಕವೂ ಮೊದಲಿನಿಂದ ಶುರುವಾಗುತ್ತದೆ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಕೋಡ್, ಎರಡನೇ ಸಾಲಿನಲ್ಲಿ ಫ್ರೀಜ್ ಫ್ರೇಮಿನ ಅಂಕಿಗಳು, ಮೂರನೇ ಸಾಲಿನಲ್ಲಿ ಆಗ ಏನು ಮಾಡುತ್ತಿದ್ದೆ ಅನ್ನುವುದು. ಪಿ0341 ಬಂದ ಮೂರೂ ಸಲ ಬರೆದದ್ದನ್ನು ಆಮೇಲೆ ಒಟ್ಟಿಗೆ ನೋಡಿದೆ. ಮೂರೂ ಸಲ ಎಂಜಿನ್ ಬಿಸಿಯಾಗಿತ್ತು. ಮೂರೂ ಸಲ ಆಕ್ಸಿಲರೇಟರಿನಿಂದ ಕಾಲು ತೆಗೆದು ಮತ್ತೆ ಒತ್ತಿದ ಹೊತ್ತು. ಸಡಿಲವಾದ ಚೈನ್ ಒಮ್ಮೆ ಜೋತು ಬಿದ್ದು ಮತ್ತೆ ಬಿಗಿಯಾಗುವ ಹೊತ್ತೂ ಅದೇ ಅಲ್ವಾ? ಮೊದಲ ದಿನವೇ ಬರೆದದ್ದನ್ನು ನೋಡಿ ಯೋಚನೆ ಮಾಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಒಂದು ಎಚ್ಚರಿಕೆ. ಚೆಕ್ ಎಂಜಿನ್ ದೀಪ ಸುಮ್ನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಓಡುವಾಗ ಮಿನುಗಿದರೆ ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡಬಹುದು ಅಂತ ಅರ್ಥ. ಕಾಲು ಸಡಿಲಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ.

ಇನ್ನೂ ಹಳೆಯ ಟ್ರಕ್ ಆದರೆ

ಅಮೆರಿಕದಲ್ಲಿ 1996ರಿಂದ ಎಲ್ಲ ಕಾರು, ಸಣ್ಣ ಟ್ರಕ್‌ಗಳಿಗೂ ಓಬಿಡಿ-2 (ಕೋಡ್ ಓದುವ ಒಂದೇ ಬಗೆಯ ವ್ಯವಸ್ಥೆ) ಕಡ್ಡಾಯವಾಯಿತು. ಸ್ಕ್ಯಾನರ್ ಹಾಕುವ ಅದರ 16 ಪಿನ್ನಿನ ಸಾಕೆಟ್ ಸ್ಟೀರಿಂಗ್ ಕೆಳಗೆ ಸಿಗುತ್ತದೆ. ಅದಕ್ಕೂ ಹಿಂದಿನ ಎಷ್ಟೋ ಟ್ರಕ್‌ಗಳಲ್ಲಿ ದೀಪದ ಮಿನುಗನ್ನು ಎಣಿಸಿ ಕೋಡ್ ಓದಬೇಕು. ಉದಾಹರಣೆಗೆ ಜನರಲ್ ಮೋಟರ್ಸ್‌ನ 12 ಪಿನ್ನಿನ ಹಳೆ ಸಾಕೆಟ್ ಇರುವ ಗಾಡಿಗಳಲ್ಲಿ ಎ ಮತ್ತು ಬಿ ಪಿನ್‌ಗಳನ್ನು ಸೇರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದರೆ ದೀಪ ಮಿನುಗಲು ಶುರು ಮಾಡುತ್ತದೆ. ಒಂದು ಮಿನುಗು, ಸ್ವಲ್ಪ ಬಿಡುವು, ಎರಡು ಮಿನುಗು: ಅದು 12. ಎಂಜಿನ್ ತಿರುಗುತ್ತಿಲ್ಲ ಅಂತ ಅದರ ಅರ್ಥ, ಹೆದರಬೇಕಾಗಿಲ್ಲ. ಪ್ರತಿ ಕೋಡೂ ಮೂರು ಸಲ ಬರುತ್ತದೆ. ಆದರೆ 16 ಪಿನ್ನಿನ ಸಾಕೆಟ್ಟಿನಲ್ಲಿ ಹೀಗೆ ವೈರ್ ತುರುಕಲು ಹೋಗಬೇಡಿ. ಅದರ 16ನೇ ಪಿನ್ನಿನಲ್ಲಿ ನೇರ ಬ್ಯಾಟರಿ ಕರೆಂಟ್ ಇರುತ್ತದೆ.

ಮೊದಲು ಬ್ಯಾಟರಿ, ಅರ್ತ್

ಇದು ಬೇಸರದ ಕೆಲಸ ಅನ್ನಿಸಬಹುದು. ಆದರೂ ಬಿಡಬೇಡಿ. ನಿಂತ ಗಾಡಿಯಲ್ಲಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಮುಂದಿನ ಯಾವ ಅಳತೆಯನ್ನೂ ನಂಬಬೇಡಿ. ಕರೆಂಟ್ ಸಾಲದೆ ಕಂಪ್ಯೂಟರೇ ತಡವರಿಸಿ ಇಲ್ಲದ ಕೋಡ್ ಹಾಕುತ್ತದೆ.

ಅರ್ತ್ ನೋಡುವಾಗ ಓಮ್ ಅಳೆಯಬೇಡಿ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾದ ವೈರ್ ಕೂಡ ಓಮ್ ಮೀಟರಿನಲ್ಲಿ ಚೆನ್ನಾಗೇ ಕಾಣುತ್ತದೆ. ಮೀಟರನ್ನು ಡಿಸಿ ವೋಲ್ಟಿನಲ್ಲಿಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಎಂಜಿನ್ ಬ್ಲಾಕಿಗೆ ಇಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ಕಂಡರೆ ಅರ್ತ್ ಕೇಬಲ್ ಬಿಚ್ಚಿ, ಎರಡೂ ತುದಿ ಉಜ್ಜಿ ಹೊಳಪು ಬರಿಸಿ ಬಿಗಿಮಾಡಿ. ಆಮೇಲೆ ಸೆನ್ಸರ್ ಕಪ್ಲರಿನ ಅರ್ತ್ ಪಿನ್ನಿನಲ್ಲಿ ಇದೇ ರೀತಿ ನೋಡಿ. ಅಲ್ಲಿ 0.1 ವೋಲ್ಟ್ ದಾಟಬಾರದು.

ಸೆಲ್ಫ್ ಹೊಡೆದಾಗ ಆರ್‌ಪಿಎಂ ಕಾಣುತ್ತಾ?

ಎಂಜಿನ್ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಆರ್‌ಪಿಎಂ ತೆರೆದಿಟ್ಟು ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ 0 ಅಂತಲೇ ನಿಂತರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರ್ ನೋಡಬೇಕು. 150, 200 ಅಂತ ಸಮವಾಗಿ ಬಂದರೆ ಕ್ರ್ಯಾಂಕ್ ಸಿಗ್ನಲ್ ಇದೆ. 180, 0, 420, 0 ಅಂತ ಕುಣಿದರೆ ಸಡಿಲ ಕಪ್ಲರ್, ಸೆನ್ಸರ್ ತುದಿಗೆ ಅಂಟಿದ ಕಬ್ಬಿಣದ ಪುಡಿ, ಮುರಿದ ಹಲ್ಲು, ಇವುಗಳಲ್ಲಿ ಒಂದಿರುತ್ತದೆ.

ಕಿವಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಚೆನ್ನಾಗಿರುವ ಎಂಜಿನ್ ಸೆಲ್ಫ್ ಹೊಡೆದಾಗ ಏದುಸಿರು ಬಿಟ್ಟ ಹಾಗೆ ಲಯವಾಗಿ ಸದ್ದು ಮಾಡುತ್ತದೆ. ಪ್ರತಿ ಸಿಲಿಂಡರೂ ಗಾಳಿಯನ್ನು ಒತ್ತುವ ಸದ್ದು ಅದು. ಆ ಲಯವಿಲ್ಲದೆ ಒಂದೇ ಸಮ ಸರ್ರನೆ ತಿರುಗಿದರೆ ಬೆಲ್ಟ್ ಅಥವಾ ಚೈನ್ ಕಡಿದಿರಬಹುದು. ತಕ್ಷಣ ನಿಲ್ಲಿಸಿ. ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಬಡಿಯುತ್ತದೆ. ಸೆಲ್ಫ್ ಹೊಡೆದಷ್ಟೂ ನಷ್ಟ ಬೆಳೆಯುತ್ತದೆ.

ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುವ ಟ್ರಕ್ ಇದೆಯಾ? ಕ್ರ್ಯಾಂಕ್ ಸೆನ್ಸರ್ ಕೆಡುವ ಒಂದು ಸಾಮಾನ್ಯ ರೀತಿ ಇದು. ತಣ್ಣಗಿದ್ದಾಗ ಅಳೆದರೆ ಏನೂ ಸಿಗುವುದಿಲ್ಲ. ನಿಂತ ಆ ಹೊತ್ತಿನಲ್ಲೇ ಅಳೆಯಬೇಕು. ಮೀಟರನ್ನು ಟ್ರಕ್ಕಿನಲ್ಲೇ ಇಟ್ಟುಕೊಂಡು ಓಡಾಡಿ.

ಸೆನ್ಸರಿನ ವೈರ್ ಅಳೆಯುವುದು

ಕಪ್ಲರ್ ಬಿಚ್ಚಿ ವೈರ್ ಎಣಿಸಿ. ಎರಡು ವೈರ್ ಇದ್ದರೆ ಸಾಮಾನ್ಯವಾಗಿ ಅದು ಮ್ಯಾಗ್ನೆಟ್ ಮತ್ತು ಸುರುಳಿ ಇರುವ ಸೆನ್ಸರ್. ತನ್ನ ಕರೆಂಟನ್ನು ತಾನೇ ಹುಟ್ಟಿಸುತ್ತದೆ. ಮೂರು ವೈರ್ ಇದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್. ಅದಕ್ಕೆ ಹೊರಗಿನಿಂದ ಕರೆಂಟ್ ಬೇಕು. ಕೆಲವು ಎರಡು ವೈರಿನ ಸೆನ್ಸರಿಗೆ ಸಿಗ್ನಲ್ ಕಾಪಾಡುವ ಜಾಲರಿಯ ಮೂರನೇ ವೈರೂ ಇರುತ್ತದೆ. ಹಾಗಾಗಿ ವೈರಿಂಗ್ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ.

ಎರಡು ವೈರಿನದಕ್ಕೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸೆಲ್ಫ್ ಹೊಡೆಯಬೇಕು. ನನ್ನ ಮನೆಯಲ್ಲಿ ತಂಗಿ ಸೆಲ್ಫ್ ಹೊಡೆಯುತ್ತಾಳೆ, ನಾನು ಮೀಟರ್ ನೋಡುತ್ತೇನೆ. ವೋಲ್ಟ್ ಕಾಣಬೇಕು, ಎಂಜಿನ್ ಜೋರಾಗಿ ತಿರುಗಿದಷ್ಟೂ ಏರಬೇಕು. ಏನೂ ಕಾಣದಿದ್ದರೆ ಬಿಚ್ಚಿ ಓಮ್ ಅಳೆಯಬಹುದು. ಎಷ್ಟಿರಬೇಕು ಅನ್ನೋದು ಸೆನ್ಸರಿನಿಂದ ಸೆನ್ಸರಿಗೆ ಬದಲಾಗುತ್ತದೆ, ಮ್ಯಾನ್ಯುಯಲ್ ನೋಡಿ. ಯಾರಾದರೂ ಹಿಂದೆ ಕಪ್ಲರ್ ಕತ್ತರಿಸಿ ಹೊಸದು ಜೋಡಿಸಿದ್ದಾರಾ ಅಂತಲೂ ಗಮನಿಸಿ. ಈ ಬಗೆಯ ಸೆನ್ಸರಿಗೆ ಎರಡು ವೈರ್ ಅದಲುಬದಲಾದರೂ ಸಿಗ್ನಲ್ ಬರುತ್ತದೆ, ಆದರೆ ತಲೆಕೆಳಗಾಗಿ. ಎಂಜಿನ್ ಓಡುತ್ತದೆ, ಟೈಮಿಂಗ್ ಮಾತ್ರ ಸರಿದಿರುತ್ತದೆ. ಹುಡುಕುವವರಿಗೆ ಇದಕ್ಕಿಂತ ಕಷ್ಟದ ತೊಂದರೆ ಇನ್ನೊಂದಿಲ್ಲ.

ಹಾಲ್ ಸೆನ್ಸರನ್ನು ಓಮ್ ಮೀಟರಿನಿಂದ ಅಳೆಯುವುದರಲ್ಲಿ ಅರ್ಥವಿಲ್ಲ. ಕಪ್ಲರಿನಲ್ಲಿ ಕೀ ಆನ್ ಮಾಡಿ ಮೂರು ವಿಷಯ ನೋಡಿ. ಒಂದರಲ್ಲಿ 5 ಅಥವಾ 12 ವೋಲ್ಟ್ ಬರಬೇಕು. ಇನ್ನೊಂದು ಒಳ್ಳೆ ಅರ್ತ್ ಆಗಿರಬೇಕು. ಮೂರನೆಯದು ಸಿಗ್ನಲ್. ಈಗ ಕಪ್ಲರ್ ಮತ್ತೆ ಹಾಕಿ, ಸಿಗ್ನಲ್ ವೈರಿಗೆ ಹಿಂಬದಿಯಿಂದ ತೆಳ್ಳಗಿನ ಪಿನ್ ಸೇರಿಸಿ ಮೀಟರ್ ಕೊಡಿ. ವೈರಿನ ಸಿಪ್ಪೆ ಚುಚ್ಚಬೇಡಿ, ಆ ತೂತಿನಿಂದ ನೀರು ಇಳಿದು ಒಳಗೇ ತುಕ್ಕು ಹಿಡಿಯುತ್ತದೆ. ಇಗ್ನಿಷನ್ ಕಾಯಿಲಿನ ಕಪ್ಲರ್ ಬಿಚ್ಚಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪಾನರ್ ಹಾಕಿ ಕೈಯಲ್ಲೇ ನಿಧಾನವಾಗಿ ಎಂಜಿನ್ ತಿರುಗಿಸಿ. ಸ್ಪಾರ್ಕ್ ಪ್ಲಗ್ ತೆಗೆದಿದ್ದರೆ ಸುಲಭವಾಗಿ ತಿರುಗುತ್ತದೆ. ಮೀಟರಿನ ಅಂಕಿ ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ಚಟ್ ಚಟ್ ಬದಲಾಗಬೇಕು. ಮಧ್ಯದಲ್ಲೆಲ್ಲೋ ನಿಲ್ಲಬಾರದು. ಬದಲಾಗುತ್ತಿದ್ದರೆ ಸೆನ್ಸರ್ ಬದುಕಿದೆ, ಅದನ್ನು ಬದಲಿಸುವ ಯೋಚನೆ ಬಿಡಿ.

ಎರಡು ಮೂರು ಕೋಡ್ ಒಟ್ಟಿಗೆ ಬಂದರೆ

ನನ್ನ ಎರಡನೇ ತೊಂದರೆ ಶುರುವಾದದ್ದು ಹೀಗೆ. ಪಿ0107 ಮತ್ತು ಪಿ0122 ಒಂದೇ ಕ್ಷಣದಲ್ಲಿ ಬಿದ್ದವು. ಮೊದಲನೆಯದು ಮ್ಯಾಪ್ ಸೆನ್ಸರಿನ (ಎಂಜಿನ್ ಒಳಹೋಗುವ ಗಾಳಿಯ ಒತ್ತಡ ಅಳೆಯುವುದು) ವೋಲ್ಟ್ ಕಡಿಮೆ ಅನ್ನುತ್ತದೆ. ಎರಡನೆಯದು ಥ್ರಾಟಲ್ ಸೆನ್ಸರಿನ (ಗಾಳಿಯ ಬಾಗಿಲು ಎಷ್ಟು ತೆರೆದಿದೆ ಅಂತ ಹೇಳುವುದು) ವೋಲ್ಟ್ ಕಡಿಮೆ ಅನ್ನುತ್ತದೆ. ಒಬ್ಬ ಮೆಕ್ಯಾನಿಕ್ ಎರಡೂ ಸೆನ್ಸರ್ ಬದಲಿಸಲು ಹೇಳಿದರು. ಚೈನಿನ ಪಾಠ ಕಲಿತಿದ್ದರಿಂದ ನಾನು ಮೊದಲು ಅಳೆದೆ.

ಕಂಪ್ಯೂಟರಿನಿಂದ 5 ವೋಲ್ಟಿನ ಒಂದೇ ವೈರ್ ಹೊರಟು ಹಲವು ಸೆನ್ಸರ್‌ಗಳಿಗೆ ಹಂಚಿಹೋಗುತ್ತದೆ. ಅದರಲ್ಲಿ ಎಲ್ಲಾದರೂ ಒಂದು ಕಡೆ ಶಾರ್ಟ್ ಆದರೆ ಆ ಸಾಲಿನ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಹಾಗಾಗಿ ಸಂಬಂಧವಿಲ್ಲದ ಎರಡು ಸೆನ್ಸರಿನ ಕೋಡ್ ಜೊತೆಜೊತೆಗೆ ಬಂದರೆ ಮೊದಲು ಈ 5 ವೋಲ್ಟ್ ಅಳೆಯಿರಿ. ಒಂದು ಕಪ್ಲರಿನಲ್ಲಿ ಮೀಟರ್ ಇಟ್ಟು, ಉಳಿದ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿ. ಒಂದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂದರೆ ಕಳ್ಳ ಅದೇ. ಎಲ್ಲ ಬಿಚ್ಚಿದರೂ ಬರದಿದ್ದರೆ ವೈರ್ ಹುಡುಕಬೇಕು.

ನನ್ನ ಟ್ರಕ್ಕಿನಲ್ಲಿ ನಿಂತಾಗ 5 ವೋಲ್ಟ್ ಸರಿಯಾಗೇ ಇತ್ತು. ತಂಗಿ ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ ಸ್ವಲ್ಪ ಎಕ್ಸಲರೇಟ್ ಮಾಡಿದಾಗ ಎಂಜಿನ್ ಒಂದು ಕಡೆ ವಾಲಿತು, ಮೀಟರ್ 0.8ಕ್ಕೆ ಬಿತ್ತು. ಚಕ್ರಗಳಿಗೆ ಅಡ್ಡ ಕೊಟ್ಟಿದ್ದೆವು, ಟ್ರಕ್ಕಿನ ಮುಂದೆ ಯಾರೂ ನಿಂತಿರಲಿಲ್ಲ. ಈ ಪರೀಕ್ಷೆ ಮಾಡುವಾಗ ನೀವೂ ಹಾಗೇ ಮಾಡಿ, ಮೀಟರಿನ ವೈರ್ ಉದ್ದ ಮಾಡಿಕೊಂಡು ಪಕ್ಕದಲ್ಲಿ ನಿಂತು ನೋಡಿ. ಎಂಜಿನ್ ಹಿಂದಿನ ಒಂದು ಬ್ರಾಕೆಟ್ಟಿನ ಅಂಚಿಗೆ ವೈರ್ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿತ್ತು. ಅಕ್ಕಿ ಕಾಳಿನಷ್ಟು ಜಾಗ. ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದು, ಬ್ರಾಕೆಟ್ಟಿನಿಂದ ದೂರ ಕಟ್ಟಿದೆ. ಎರಡೂ ಸೆನ್ಸರ್ ಹಳೆಯವೇ ಇವೆ.

ಚೈನ್ ನೋಡುವ ಹೊತ್ತು

ವೈರ್ ಸರಿ, ಕರೆಂಟ್ ಸರಿ, ಸೆನ್ಸರ್ ಸಿಗ್ನಲ್ ಕೊಡುತ್ತಿದೆ. ಆದರೂ 0341, 0336 ಅಥವಾ 0016 ಬರುತ್ತಿದೆ. ಈಗ ಎಂಜಿನ್ ಒಳಗಿನ ಟೈಮಿಂಗ್ ನೋಡಲೇಬೇಕು. ಮುಂದಿನ ಕವರ್ ಬಿಚ್ಚುವ ಮೊದಲು ಹೊರಗಿನಿಂದಲೇ ತುಂಬಾ ತಿಳಿಯಬಹುದು.

ಮೊದಲು ವ್ಯಾಕ್ಯೂಮ್ ಗೇಜ್. ಇನ್‌ಟೇಕ್ ಮ್ಯಾನಿಫೋಲ್ಡಿಗೆ ಜೋಡಿಸಿ, ಬಿಸಿಯಾದ ಎಂಜಿನನ್ನು ಸ್ಲೋದಲ್ಲಿ ಬಿಡಿ. ಸಮುದ್ರ ಮಟ್ಟದಲ್ಲಿ ಒಳ್ಳೆಯ ಎಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಮುಳ್ಳು ಅಲುಗದೆ ನಿಲ್ಲುತ್ತದೆ. ನೀವು ಎತ್ತರದ ಜಾಗದಲ್ಲಿದ್ದರೆ ಪ್ರತಿ 300 ಮೀಟರಿಗೆ ಸುಮಾರು 1 ಇಂಚು ಕಳೆಯಿರಿ. ಮುಳ್ಳು ಸ್ಥಿರವಾಗಿ ನಿಂತು, ಆದರೆ ತುಂಬಾ ಕೆಳಗಿದ್ದರೆ ಟೈಮಿಂಗ್ ತಡವಾಗಿದೆ ಅಥವಾ ಎಲ್ಲೋ ಗಾಳಿ ಸೋರುತ್ತಿದೆ. ಸೋರಿಕೆ ಇಲ್ಲ ಅಂತ ಖಚಿತ ಮಾಡಿಕೊಂಡರೆ ಉಳಿಯುವುದು ಟೈಮಿಂಗ್.

ಆಮೇಲೆ ಕಂಪ್ರೆಷನ್. ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ಬಂದ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. ಒಂದೇ ಸಿಲಿಂಡರ್ ಕಡಿಮೆ ಇದ್ದರೆ ಅಲ್ಲಿನ ವಾಲ್ವ್, ರಿಂಗ್ ಅಥವಾ ಗ್ಯಾಸ್ಕೆಟ್. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ಕ್ಯಾಮ್ ತಡವಾಗಿರುವ ಸಾಧ್ಯತೆ ದೊಡ್ಡದು. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಒಳಗೆ ಬಂದ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ. ನನ್ನ ಎಂಟೂ ಸಿಲಿಂಡರ್ 130ರಿಂದ 135 ಪಿಎಸ್‌ಐ ಒಳಗಿದ್ದವು. ಅಷ್ಟು ಸಮವಾಗಿ ಎಂಟು ಸಿಲಿಂಡರ್ ಸವೆಯುವುದು ಅಪರೂಪ. ಹೊಸ ಚೈನ್ ಹಾಕಿದ ಮೇಲೆ 145 ದಾಟಿತು.

ಇನ್ನು ಚೈನಿನ ಸಡಿಲ ಅಳೆಯುವುದು. ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್‌ನಲ್ಲಿ ಇದು ಹತ್ತು ನಿಮಿಷದ ಕೆಲಸ, ನನಗೆ ತುಂಬಾ ಇಷ್ಟದ ಪರೀಕ್ಷೆಯೂ ಹೌದು. ಬ್ಯಾಟರಿಯ ಮೈನಸ್ ಬಿಚ್ಚಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಎಂಜಿನ್ ಓಡುವ ದಿಕ್ಕಿನಲ್ಲಿ ಪುಲ್ಲಿ ತಿರುಗಿಸಿ, ಟೈಮಿಂಗ್ ಗುರುತು ಸೊನ್ನೆಗೆ ಬರಲಿ. ಈಗ ಯಾರಿಗಾದರೂ ಕ್ಯಾಪ್ ಕೆಳಗೆ ತಿರುಗುವ ರೋಟರ್ ನೋಡಲು ಹೇಳಿ. ನೀವು ಪುಲ್ಲಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಬೋಲ್ಟ್ ಸಡಿಲವಾಗದ ಹಾಗೆ. ರೋಟರ್ ಅಲುಗಿದ ಕ್ಷಣಕ್ಕೆ ನಿಲ್ಲಿಸಿ. ಅಷ್ಟರಲ್ಲಿ ಪುಲ್ಲಿ ಎಷ್ಟು ಡಿಗ್ರಿ ತಿರುಗಿತೋ ಅದೇ ಸಡಿಲ. ಎರಡು ಮೂರು ಡಿಗ್ರಿ ಆದರೆ ಚೈನ್ ಚೆನ್ನಾಗಿದೆ. 10 ದಾಟಿದರೆ ಬದಲಿಸಿ. ನನ್ನದು 14 ಇತ್ತು. ತಂಗಿ ‘ಇನ್ನೂ ಇಲ್ಲ, ಇನ್ನೂ ಇಲ್ಲ’ ಅನ್ನುತ್ತಲೇ ಇದ್ದಳು, ಗುರುತು ಸರಿಯುತ್ತಲೇ ಇತ್ತು.

ಇದರ ಜೊತೆಗೆ ರೋಟರನ್ನು ಬೆರಳಲ್ಲಿ ಹಿಡಿದು ಆಚೀಚೆ ಅಲುಗಿಸಿ ನೋಡಿ. ತುಂಬಾ ಅಲುಗಿದರೆ ಡಿಸ್ಟ್ರಿಬ್ಯೂಟರಿನ ಗೇರ್ ಸವೆದಿದೆ, ನೀವು ಅಳೆದ ಸಡಿಲದಲ್ಲಿ ಅದರ ಪಾಲೂ ಇದೆ. ಡಿಸ್ಟ್ರಿಬ್ಯೂಟರ್ ಇಲ್ಲದ ಎಂಜಿನ್‌ನಲ್ಲಿ ರಾಕರ್ ಕವರ್ ಬಿಚ್ಚಿ, ರೋಟರ್ ಬದಲು ರಾಕರ್ (ವಾಲ್ವನ್ನು ಒತ್ತುವ ತೋಳು) ಅಲುಗುವುದನ್ನು ನೋಡಬಹುದು. ಆದರೆ ಬೆಲ್ಟ್ ಇರುವ ಅಥವಾ ಆಯಿಲ್ ಒತ್ತಡದ ಟೆನ್ಷನರ್ (ಚೈನನ್ನು ಬಿಗಿಯಾಗಿ ಹಿಡಿಯುವ ಭಾಗ) ಇರುವ ಎಂಜಿನನ್ನು ಹಿಂದಕ್ಕೆ ತಿರುಗಿಸಬೇಡಿ. ಟೆನ್ಷನರ್ ಸಡಿಲಗೊಂಡು ಅಲ್ಲೇ ಹಲ್ಲು ಜಿಗಿಯಬಹುದು. ಅಂಥದ್ದರಲ್ಲಿ ಮುಂದಕ್ಕೆ ಮಾತ್ರ ತಿರುಗಿಸಿ ಗುರುತುಗಳು ಎದುರುಬದುರು ಬರುತ್ತವಾ ನೋಡಿ.

ಒಂದು ಹಲ್ಲು ಜಿಗಿದರೆ ಏನು ಮಹಾ ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿ. ಕ್ಯಾಮ್ ಗೇರಿಗೆ 36 ಹಲ್ಲಿದ್ದರೆ ಒಂದು ಹಲ್ಲಿಗೆ ಕ್ಯಾಮ್ 10 ಡಿಗ್ರಿ ಸರಿಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಹಾಗಾಗಿ ಕ್ರ್ಯಾಂಕಿನ ಲೆಕ್ಕದಲ್ಲಿ ಅದು 20 ಡಿಗ್ರಿ. ಅಷ್ಟು ತಪ್ಪಿದ ಎಂಜಿನ್ ಸ್ಟಾರ್ಟ್ ಆದರೂ ಏರು ಹತ್ತುವುದಿಲ್ಲ.

ಗುರುತು ನೋಡುವಾಗ ಒಂದು ಮೋಸವಿದೆ. ಪುಲ್ಲಿಯ ಹಿಂದಿನ ಬ್ಯಾಲೆನ್ಸರ್ ಎರಡು ಭಾಗದ್ದು, ಮಧ್ಯೆ ರಬ್ಬರ್. ಹಳೆಯದಾದ ಮೇಲೆ ರಬ್ಬರ್ ಬಿಟ್ಟು ಹೊರಗಿನ ಬಳೆ ಜಾರುತ್ತದೆ. ಗುರುತು ಇರುವುದು ಆ ಬಳೆಯ ಮೇಲೇ! ಒಂದನೇ ಸಿಲಿಂಡರಿನ ಪ್ಲಗ್ ತೆಗೆದು, ತೂತಿಗೆ ಬೆರಳಿಟ್ಟು ಎಂಜಿನ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್ ಸ್ಟ್ರೋಕ್. ಆಮೇಲೆ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಇಳಿಸಿ, ಪಿಸ್ಟನ್ ಮೇಲೇರುವುದು ನಿಲ್ಲುವ ಜಾಗ ಹುಡುಕಿ. ಆಗ ಗುರುತು ಸೊನ್ನೆಯ ಹತ್ತಿರ ಇರಬೇಕು, ರೋಟರ್ ಒಂದನೇ ಪ್ಲಗ್ ವೈರಿನ ಕಡೆ ನೋಡುತ್ತಿರಬೇಕು. ರೋಟರ್ ಸರಿ ಎದುರು ದಿಕ್ಕಿಗೆ ನೋಡುತ್ತಿದ್ದರೆ ನೀವು ಎಗ್ಸಾಸ್ಟ್ ಸ್ಟ್ರೋಕಿನಲ್ಲಿದ್ದೀರಿ, ಅಥವಾ ಯಾರೋ ಡಿಸ್ಟ್ರಿಬ್ಯೂಟರನ್ನು ಉಲ್ಟಾ ಕೂರಿಸಿದ್ದಾರೆ. ಮೊದಲು ಬೆರಳಿಟ್ಟು ನೋಡಿದ್ದು ಇದಕ್ಕೇ.

ಟೈಮಿಂಗ್ ಲೈಟ್

ಟೈಮಿಂಗ್ ಲೈಟ್ ಅಂದರೆ ಕಿಡಿ ಹಾರಿದಾಗಲೆಲ್ಲ ಮಿಂಚಿ ಪುಲ್ಲಿಯ ಗುರುತು ತೋರಿಸುವ ದೀಪ. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬೇಸ್ ಟೈಮಿಂಗ್ (ಕಂಪ್ಯೂಟರ್ ಕೈಹಾಕದ ಮೂಲ ಟೈಮಿಂಗ್) ಎಷ್ಟು, ಹೇಗೆ ನೋಡಬೇಕು ಅಂತ ಬರೆದಿರುತ್ತಾರೆ. ಅದನ್ನೇ ಪಾಲಿಸಿ. ಕಂಪ್ಯೂಟರ್ ತಾನೇ ಟೈಮಿಂಗನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಅದನ್ನು ಸುಮ್ಮನಿರಿಸದೆ ಲೈಟ್ ಹಿಡಿದರೆ ಸಿಗುವ ಅಂಕಿಗೆ ಬೆಲೆಯಿಲ್ಲ. 1980ರ ದಶಕದ ಕೊನೆಯ ಮತ್ತು 90ರ ಮೊದಲಿನ ಫೋರ್ಡ್ ಟ್ರಕ್‌ಗಳಲ್ಲಿ ಇದಕ್ಕಾಗಿ ಸ್ಪೌಟ್ ಅನ್ನುವ ಚಿಕ್ಕ ಪ್ಲಗ್ ಎಳೆಯಬೇಕು. ಅವುಗಳಲ್ಲಿ ಬೇಸ್ ಟೈಮಿಂಗ್ ಸಾಮಾನ್ಯವಾಗಿ 10 ಡಿಗ್ರಿ.

1996ರ ನಂತರದ ಕೆಲವು ಡಿಸ್ಟ್ರಿಬ್ಯೂಟರ್ ಎಂಜಿನ್‌ಗಳಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಕಿಡಿ ಯಾವಾಗ ಹಾರಬೇಕು ಅನ್ನೋದನ್ನು ಕಂಪ್ಯೂಟರ್ ಕ್ರ್ಯಾಂಕ್ ಸೆನ್ಸರ್ ನೋಡಿ ನಿರ್ಧರಿಸುತ್ತದೆ. ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಟೈಮಿಂಗ್ ಬದಲಾಗುವುದಿಲ್ಲ. ಒಳಗಿರುವ ಕ್ಯಾಮ್ ಸೆನ್ಸರಿನ ಸಿಗ್ನಲ್ ಮಾತ್ರ ಸರಿಯುತ್ತದೆ. ಅಂಥ ಕೆಲವು ಟ್ರಕ್‌ಗಳಲ್ಲಿ ಒಳ್ಳೆಯ ಸ್ಕ್ಯಾನರ್ ‘ಕ್ಯಾಮ್ ರಿಟಾರ್ಡ್’ ಅನ್ನುವ ಅಂಕಿ ತೋರಿಸುತ್ತದೆ. 1000 ಆರ್‌ಪಿಎಂ ಮೇಲೆ ಎಂಜಿನ್ ಹಿಡಿದಿಟ್ಟು ಓದಬೇಕು. ಸೊನ್ನೆಯಿಂದ ಆಚೀಚೆ 2 ಡಿಗ್ರಿ ಒಳಗಿರಬೇಕು. ಒಂದೇ ಕಡೆ ನಿಂತು 8 ಅಂತ ತೋರಿಸಿದರೆ ಡಿಸ್ಟ್ರಿಬ್ಯೂಟರನ್ನು ಸರಿಯಾದ ಜಾಗಕ್ಕೆ ತಿರುಗಿಸಿದರೆ ಸಾಕಾಗಬಹುದು. ಅಂಕಿ ನಿಲ್ಲದೆ ಓಲಾಡಿದರೆ ತಿರುಗಿಸಿ ಪ್ರಯೋಜನವಿಲ್ಲ. ಚೈನ್ ಅಥವಾ ಗೇರ್ ಸವೆದಿದೆ.

ಟೈಮಿಂಗ್ ಹಾಗೇ ಕಾಣುವ ಬೇರೆ ತೊಂದರೆ

ಕೂಲೆಂಟ್ ಸೆನ್ಸರ್ ಸುಳ್ಳು ಹೇಳಿದರೂ ಎಂಜಿನ್ ಟೈಮಿಂಗ್ ತಪ್ಪಿದ ಹಾಗೆ ಆಡುತ್ತದೆ. ರಾತ್ರಿಯಿಡೀ ನಿಂತ ಟ್ರಕ್ಕಿನಲ್ಲಿ ಬೆಳಿಗ್ಗೆ ಕೀ ಆನ್ ಮಾಡಿ ನೋಡಿ. ಕೂಲೆಂಟ್ ಬಿಸಿ, ಒಳಬರುವ ಗಾಳಿಯ ಬಿಸಿ ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು. ಮೈನಸ್ 40 ಡಿಗ್ರಿ ತೋರಿಸಿದರೆ ವೈರ್ ಕಡಿದಿದೆ ಅಥವಾ ಕಪ್ಲರ್ ಬಿಟ್ಟಿದೆ. ಮ್ಯಾಪ್ ಸೆನ್ಸರ್ ಎಂಜಿನ್ ನಿಂತಾಗ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು, ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್. ಸ್ಲೋದಲ್ಲಿ 30ರಿಂದ 40ಕ್ಕೆ ಇಳಿಯಬೇಕು. ಥ್ರಾಟಲ್ ಸೆನ್ಸರ್ ಮುಚ್ಚಿದಾಗ ಸುಮಾರು 0.5, ಪೂರ್ತಿ ತೆರೆದಾಗ 4.5 ವೋಲ್ಟ್. ಮಧ್ಯೆ ಎಲ್ಲೂ ಜಿಗಿಯಬಾರದು.

ಪಿ0300 (ಎಂಜಿನ್ ಮಿಸ್ ಹೊಡೆಯುತ್ತಿದೆ ಅನ್ನುವ ಕೋಡ್) ಜೊತೆಗೆ ಕ್ರ್ಯಾಂಕ್ ಅಥವಾ ಕ್ಯಾಮ್ ಕೋಡ್ ಇದ್ದರೆ ಮಿಸ್ ಹೊಡೆಯುವುದನ್ನು ಆಮೇಲೆ ನೋಡಿ. ಮಿಸ್ ಎಣಿಸುವುದೇ ಕ್ರ್ಯಾಂಕ್ ಸಿಗ್ನಲಿನಿಂದ. ಆ ಸಿಗ್ನಲ್ ಸರಿ ಇಲ್ಲದಿದ್ದರೆ ಎಣಿಕೆಯೂ ಸರಿ ಇರುವುದಿಲ್ಲ.

ಸರಿಯಾಯಿತು ಅಂತ ಯಾವಾಗ ಹೇಳಬಹುದು

ಕೋಡ್ ಅಳಿಸುವುದು ಈಗ. ಕೆಲವು ಎಂಜಿನ್‌ಗಳಿಗೆ ಕ್ರ್ಯಾಂಕ್ ಸೆನ್ಸರ್ ಬದಲಿಸಿದ ಮೇಲೆ ಸ್ಕ್ಯಾನರಿನಿಂದ ರೀಲರ್ನ್ (ಹೊಸ ಸೆನ್ಸರನ್ನು ಕಂಪ್ಯೂಟರಿಗೆ ಕಲಿಸುವುದು) ಮಾಡಬೇಕು. ನಿಮ್ಮದಕ್ಕೆ ಬೇಕಾ ಅಂತ ಮ್ಯಾನ್ಯುಯಲಿನಲ್ಲಿ ನೋಡಿ. ಆಮೇಲೆ ಫ್ರೀಜ್ ಫ್ರೇಮಿನಲ್ಲಿ ಬರೆದಿಟ್ಟ ಪರಿಸ್ಥಿತಿಯನ್ನೇ ಮತ್ತೆ ತಂದುಕೊಳ್ಳಿ. ನನ್ನದು ಬಿಸಿ ಎಂಜಿನ್, ಕಾಲು ತೆಗೆದು ಮತ್ತೆ ಒತ್ತುವುದು. ಅದನ್ನೇ ಒಂದೇ ದಿನ ಮೂವತ್ತು ಸಲ ಮಾಡಿದೆ. ದೀಪ ಉರಿಯಲಿಲ್ಲ ಅಂದರೆ ಸಾಲದು. ಸ್ಕ್ಯಾನರಿನಲ್ಲಿ ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದೆ, ದೀಪ ಹಚ್ಚದ ಕೋಡ್) ಅಂತ ಬೇರೆ ಇರುತ್ತದೆ. ಅಲ್ಲಿಯೂ ಏನೂ ಇರಬಾರದು.

ಚೈನ್ ಹಾಕಿದ ದಿನ ಕ್ಯಾಮ್ ಸೆನ್ಸರನ್ನೂ ಮತ್ತೆ ಬಿಚ್ಚಿದೆ. ನಾನು ಮೊದಲು ತೆಗೆದಿಟ್ಟಿದ್ದ, ಟ್ರಕ್ಕಿನ ಜೊತೆಗೇ ಬಂದಿದ್ದ ಆ ಹಳೆಯ ಸೆನ್ಸರ್ ಡಬ್ಬದಲ್ಲಿತ್ತು. ಒರೆಸಿ, ಅದನ್ನೇ ವಾಪಸ್ ಹಾಕಿದೆ. ನಾಲ್ಕು ವರ್ಷವಾಯಿತು. ಇವತ್ತಿಗೂ ಅದೇ ಓಡುತ್ತಿದೆ.